ಟೋಪಿಯ ಮಾತಿಗೆ ಇಬ್ಬರು ಸಾಕ್ಷಿ

ಲಂಡನ್
೫ ಫೆಬ್ರವರಿ ೧೯೩೪

ಶ್ರೀ ಏಮಸ್ ಕ್ಲೆಗ್ ಅವರಿಗೆ,

ನಿಮ್ಮ ಹೆಸರನ್ನು ಡೆಂಟನ್ನಿನ ಟೋಪಿ ಕೆಲಸಗಾರರ ಸಂಘದ ಕಾರ್ಯದರ್ಶಿ ಕೊಟ್ಟರು. ಐವತ್ತೊಂದು ವರ್ಷ ಟೋಪಿ ಮಾಡಿ ಈಗ ಮನೆಯಲ್ಲಿದ್ದೀರಿ, ಕೈತುಂಬ ಪುರುಸೊತ್ತಿದೆ, ಬಾಯಿತುಂಬ ಮಾತಿದೆ ಎಂದರು. ಮೊದಲನೆಯದರಿಂದ ನನಗೆ ಅನುಕೂಲ. ಎರಡನೆಯದನ್ನು ಹದದಲ್ಲಿಟ್ಟುಕೊಂಡರೆ ಸಾಕು.

ನಮ್ಮ ಜನ ದಿನನಿತ್ಯ ಆಡುವ ನುಡಿಗಟ್ಟುಗಳ ಮೇಲೆ ನಾನೊಂದು ಪುಸ್ತಕ ಬರೆಯುತ್ತಿದ್ದೇನೆ. ಒಂದು ಅಧ್ಯಾಯಕ್ಕೆ ಒಂದೇ ಪದ: ಕೈ, ರೊಟ್ಟಿ, ನಾಯಿ, ಟೋಪಿ, ಹೀಗೆ. ಟೋಪಿಯ ಅಧ್ಯಾಯ ಅರ್ಧ ಮುಗಿದಿದೆ. ಗುಟ್ಟನ್ನು ‘ಟೋಪಿಯ ಕೆಳಗೆ ಇಟ್ಟುಕೊ’ ಎನ್ನುವುದು, ತಿಳಿಯದೆ ಹರಟುವವನನ್ನು ‘ಟೋಪಿಯೊಳಗಿಂದ ಮಾತಾಡುತ್ತಾನೆ’ ಎನ್ನುವುದು, ಹಳಸಿದ ಸುದ್ದಿಯನ್ನು ‘ಹಳೇ ಟೋಪಿ’ ಎನ್ನುವುದು, ಇವೆಲ್ಲ ನನ್ನಲ್ಲಿವೆ. ಕಾರ್ಖಾನೆಯ ಒಳಗೆ ಮಾತ್ರ ಓಡಾಡುವ, ಓದಿದವರ ಕಿವಿಗೆ ಬೀಳದ ಮಾತುಗಳು ಬೇಕಾಗಿವೆ.

ನನ್ನದೊಂದು ನಿಯಮವಿದೆ. ಯಾವ ಸಂಗತಿಗೇ ಆಗಲಿ ಎರಡು ಊರಿನ ಇಬ್ಬರು ಸಾಕ್ಷಿ ಬೇಕು, ಒಬ್ಬನ ತಾಳಕ್ಕೆ ಇನ್ನೊಬ್ಬ ಕುಣಿಯುವವನಾಗಿರಬಾರದು. ಒಬ್ಬನೇ ಹೇಳಿದ್ದನ್ನು ಚೀಟಿಯಲ್ಲಿ ಬರೆದಿಡುತ್ತೇನೆ, ಪುಸ್ತಕಕ್ಕೆ ಸೇರಿಸುವುದಿಲ್ಲ. ಬೇಸಿಗೆಯಲ್ಲಿ ಪುಸ್ತಕ ಅಚ್ಚಿಗೆ ಹೋಗುತ್ತದೆ.

ಮಾತುಗಳನ್ನು ಬರೆದು ಕಳಿಸಿ. ಅರ್ಥ ವಿವರಿಸುವ ತೊಂದರೆ ತೆಗೆದುಕೊಳ್ಳಬೇಡಿ, ಅದು ನನ್ನ ಕೆಲಸ. ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಡಾ. ಲಾನ್ಸ್‌ಲಾಟ್ ಪಿಮ್


ಡೆಂಟನ್
೧೧ ಫೆಬ್ರವರಿ ೧೯೩೪

ಡಾಕ್ಟರ್ ಪಿಮ್ ಸಾಹೇಬರಿಗೆ,

ಕಾಗದದ ತಲೆಯ ಮೇಲೆ ‘ಮೂರು ಮೊಲ’ ಎಂಬ ಹೆಂಡದಂಗಡಿಯ ಹೆಸರಿದೆ ಎಂದು ಬೇಜಾರಾಗಬೇಡಿ. ಅಲ್ಲಿ ಕಾಗದ ಬಿಟ್ಟಿ ಸಿಗುತ್ತದೆ.

ನಿಮ್ಮ ಕಾಗದ ಬಂದಾಗ ನನ್ನ ಹೆಂಡತಿ ಹನ್ನಾ, ಡಾಕ್ಟರ್ ಅಂತ ಇದೆಯಲ್ಲ, ನಿನ್ನ ಕೆಮ್ಮಿಗೆ ಏನಾದರೂ ಕೇಳು ಅಂದಳು. ಈ ಡಾಕ್ಟರು ಮಾತಿಗೆ ಮದ್ದು ಕೊಡುವವರು, ಕೆಮ್ಮಿಗಲ್ಲ ಎಂದು ಬಿಡಿಸಿ ಹೇಳಿದೆ. ‘ಹಾಗಾದ್ರೆ ಅವರಿಂದ ಯಾರಿಗೆ ಏನು ಉಪಯೋಗ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಹೊಳೆದರೆ ತಿಳಿಸಿ.

ಟೋಪಿ ಹಾಕುವುದು ನಮ್ಮ ಕಸುಬು ಸಾಹೇಬರೇ. ಪಾರ್ಲಿಮೆಂಟಿನವರಿಂದ ಹಿಡಿದು ರೈಲ್ವೆ ಕೂಲಿಯವರೆಗೆ ಎಲ್ಲರಿಗೂ ಹಾಕಿದ್ದೇನೆ. ಹಾಕಿಸಿಕೊಂಡವರು ಯಾರೂ ತಕರಾರು ಮಾಡಲಿಲ್ಲ, ಕನ್ನಡಿ ಮುಂದೆ ನಿಂತು ಖುಷಿಪಟ್ಟರು.

ನಿಮ್ಮ ಕಡೆ ‘ಹಾಗಾಗದಿದ್ದರೆ ನನ್ನ ಟೋಪಿ ತಿನ್ನುತ್ತೇನೆ’ ಅಂದವರು ಮನೆಗೆ ಹೋಗಿ ಕುರಿಮಾಂಸ ತಿನ್ನುತ್ತಾರೆ. ಇಲ್ಲಿ ಹಾಗಿಲ್ಲ. ಆ ಮಾತು ಆಡಿ ಸೋತವನನ್ನು, ಆಗಸ್ಟಿನ ರಜೆಗೆ ಕಾರ್ಖಾನೆ ಮುಚ್ಚುವ ದಿನ ಬೆಂಚಿನ ಮೇಲೆ ಕೂರಿಸುತ್ತಾರೆ. ಅವನದೇ ಟೋಪಿಯ ಅಂಚಿನಿಂದ ಉಗುರಿನಷ್ಟು ಕತ್ತರಿಸಿ, ವಿನಿಗರ್ ಚಿಮುಕಿಸಿ ಕೊಡುತ್ತಾರೆ. ಎಲ್ಲರ ಮುಂದೆ ಅಗಿದು ನುಂಗಬೇಕು. ಜೋ ಹಾರ್ಡ್‌ಮನ್ ಅಂತ ಒಬ್ಬನಿದ್ದ, ಮೂರು ವರ್ಷ ತಿಂದ, ನಾಲ್ಕನೇ ವರ್ಷ ಸಾಸಿವೆ ಕೇಳಿದ. ಆದ್ದರಿಂದ ನಮ್ಮೂರಲ್ಲಿ ಈ ಮಾತನ್ನು ನಾಲಿಗೆ ಮೇಲೆ ಇಟ್ಟುಕೊಳ್ಳುವ ಮೊದಲು ಟೋಪಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಈಗ ನನ್ನ ಕೇಳಿಕೆ. ‘ಟೋಪಿಗಾರನ ಹಾಗೆ ಹುಚ್ಚ’ ಎಂಬ ಮಾತು ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಇಡೀ ದೇಶ ನಗುನಗುತ್ತ ಆಡುವ ಮಾತು ಅದು. ಅದರ ಕೆಳಗೆ ನಿಜ ಬರೆಯಿರಿ. ಮೊಲದ ಚರ್ಮದ ಕೂದಲು ಒಂದಕ್ಕೊಂದು ಹೆಣೆದುಕೊಳ್ಳಲೆಂದು ಪಾದರಸವನ್ನು ಆಮ್ಲದಲ್ಲಿ ಕರಗಿಸಿ ಸವರುತ್ತಾರೆ. ಚರ್ಮ ಕ್ಯಾರೆಟ್ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದೇ ಕೂದಲನ್ನು ಕುದಿನೀರಲ್ಲಿ ಅದ್ದಿ ಬರಿಗೈಯಲ್ಲಿ ಉರುಳಿಸಬೇಕು. ಕಿಟಕಿ ತೆಗೆದರೆ ಕೂದಲು ಹಾರುತ್ತದೆ ಎಂದು ಕಿಟಕಿ ಮುಚ್ಚಿರುತ್ತಾರೆ. ಆ ಹಬೆಯನ್ನು ಕುಡಿದೇ ನಾವು ದೊಡ್ಡವರಾದದ್ದು.

ಹನ್ನಾಳ ತಮ್ಮ, ಸೇತ್ ಹೇಗ್ ಅಂತ, ನನ್ನ ಪಕ್ಕದಲ್ಲೇ ಇಪ್ಪತ್ತಾರು ವರ್ಷ ನಿಂತ. ಮೊದಲು ಕೈ ನಡುಗಿತು. ಆಮೇಲೆ ಯಾರಾದರೂ ನೋಡಿದರೆ ನಾಚಿ ಮುದುಡುವುದು, ಇದ್ದಕ್ಕಿದ್ದಂತೆ ಕೂಗಾಡುವುದು ಶುರುವಾಯಿತು. ಬೀದಿಯ ಮಕ್ಕಳು ಈ ಮಾತನ್ನೇ ಹಾಡು ಮಾಡಿಕೊಂಡು ಹಿಂದೆ ಹೋದವು. ನಲವತ್ನಾಲ್ಕಕ್ಕೆ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಹುಚ್ಚ ಅಲ್ಲ ಅವನು, ವಿಷ ಏರಿದವನು. ಅದಿಷ್ಟನ್ನು ಅಚ್ಚಿನಲ್ಲಿ ಹಾಕಿಸುತ್ತೇನೆ ಎಂದು ಹನ್ನಾಳಿಗೆ ಮಾತು ಕೊಟ್ಟಿದ್ದೇನೆ. ನೀವು ಆ ಒಂದು ಪ್ಯಾರಾ ಹಾಕಿದರೆ ನಿಮಗೂ ಬೇಕಾದಷ್ಟು ಮಾತು ಕೊಡುತ್ತೇನೆ.

ಏಮಸ್ ಕ್ಲೆಗ್


ಲಂಡನ್
೨೦ ಫೆಬ್ರವರಿ ೧೯೩೪

ಶ್ರೀ ಕ್ಲೆಗ್ ಅವರಿಗೆ,

ನಿಮ್ಮ ಕಾಗದ ಓದಲು ಭೂತಗನ್ನಡಿ ಹಿಡಿದು ಎರಡು ಬೆಳಿಗ್ಗೆ ಕೂತಿದ್ದೆ. ಜೇಡವೊಂದು ಮಸಿಕುಡಿಕೆಯಲ್ಲಿ ಬಿದ್ದು ಜೀವ ಉಳಿಸಿಕೊಳ್ಳಲು ಓಡಿದ ಹಾಗಿದೆ ನಿಮ್ಮ ಅಕ್ಷರ. ‘ಮೂರು ಮೊಲ’ಕ್ಕೆ ಹೋಗುವ ಮೊದಲು ಬರೆದರೆ ಇಬ್ಬರಿಗೂ ಒಳ್ಳೆಯದು, ಹೋಗಿಬಂದ ಮೇಲೆ ಬೇಡ.

ಟೋಪಿ ತಿನ್ನಿಸುವ ಪದ್ಧತಿ ಸ್ವಾರಸ್ಯವಾಗಿದೆ. ಇಂಥದ್ದೇ ನನಗೆ ಬೇಕಾದದ್ದು.

ನಿಮ್ಮ ಭಾವಮೈದುನನ ವಿಚಾರ ಬೇರೆ. ಈ ನುಡಿಯ ಮೂಲವನ್ನು ನಾನು ಆಗಲೇ ಕಂಡುಹಿಡಿದಿದ್ದೇನೆ. ಪಶ್ಚಿಮದ ಒಂದು ಊರಿನ ಪಾದ್ರಿ ತನ್ನ ದಿನಚರಿಯಲ್ಲಿ ಒಬ್ಬ ಟೋಪಿ ವ್ಯಾಪಾರಿಯ ಬಗ್ಗೆ ಬರೆದಿದ್ದಾನೆ. ಪ್ರೀತಿಸಿದ ಹುಡುಗಿ ಬೇರೆಯವನನ್ನು ಮದುವೆಯಾದಳೆಂದು ಅವನು ಮೂರು ಟೋಪಿಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಬೀದಿ ಅಲೆಯುತ್ತಿದ್ದನಂತೆ. ಪಕ್ಕದ ಊರಿನ ವಕೀಲನೊಬ್ಬನ ಕಾಗದದಲ್ಲೂ ಅವನ ಪ್ರಸ್ತಾಪವಿದೆ. ಇಬ್ಬರು ಸಾಕ್ಷಿ, ಎರಡು ಊರು, ಇಬ್ಬರೂ ಓದಿದವರು. ನಿಮ್ಮ ಕಡೆ ಇರುವುದು ನೀವೊಬ್ಬರೇ. ಅದೂ ಸತ್ತವನ ನೆಂಟರು.

ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಮಾತೂ ನನ್ನ ಜರಡಿಯಿಂದ ನುಸುಳಿಲ್ಲ. ನನ್ನ ಪುಸ್ತಕದಲ್ಲಿ ಅಂಥದ್ದು ಒಂದು ಸಿಕ್ಕರೂ, ನಿಮ್ಮ ಊರಿನ ರೀತಿಯಲ್ಲೇ, ನನ್ನ ಟೋಪಿ ತಿನ್ನುತ್ತೇನೆ.

ದಯವಿಟ್ಟು ಮಾತುಗಳನ್ನು ಮಾತ್ರ ಕಳಿಸಿ.

ಲಾ. ಪಿಮ್


ಡೆಂಟನ್
೩ ಮಾರ್ಚ್ ೧೯೩೪

ಪರಮ ವಿದ್ವಾಂಸರಾದ ಡಾಕ್ಟರ್ ಪಿಮ್ ಸಾಹೇಬರಿಗೆ,

ನಿಮ್ಮ ಕಾಗದ ಓದಿ ನನ್ನ ಸ್ಥಾನ ಯಾವುದು ಎಂದು ನನಗೆ ಅರಿವಾಯಿತು. ಕೈಯಲ್ಲಿ ಟೋಪಿ ಹಿಡಿದು, ತಲೆ ಬಗ್ಗಿಸಿ, ಬರೀ ಮಾತುಗಳನ್ನು ಕಳಿಸುತ್ತಿದ್ದೇನೆ. ಇವನ್ನು ನೆನಪು ಮಾಡಿಕೊಳ್ಳಲೆಂದೇ ಮ್ಯಾಂಚೆಸ್ಟರಿಗೆ ಟ್ರ್ಯಾಮಿನಲ್ಲಿ ಹೋಗಿಬಂದೆ. ದೇವರ ದಯೆ, ಒಂದೊಂದು ನಿಲ್ದಾಣಕ್ಕೆ ಒಂದೊಂದು ನೆನಪಾಯಿತು. ಏಳು ನಿಲ್ದಾಣ, ಏಳು ಮಾತು. ಟಿಕೆಟ್ ಕೊಡುವವನು ಎರಡಕ್ಕೆ ಸಹಾಯ ಮಾಡಿದ.

‘ಮೊಲಕ್ಕೆ ಟೋಪಿಯ ಬೆಲೆ ಹೇಳಬೇಡ.’

‘ಟೋಪಿ ದೊಡ್ಡದಾದರೆ ಕಿವಿಯೇ ಆಧಾರ.’

‘ಮಳೆ ಬಂದಾಗ ಪಾದ್ರಿಯ ಟೋಪಿ ಕೇಳಬೇಡ.’

‘ಎರಡು ಟೋಪಿ ಇದ್ದವನಿಗೆ ಮೂರು ನೆಗಡಿ.’

ಉಳಿದ ಮೂರು ಹಿಂಬದಿಯಲ್ಲಿವೆ. ನಮ್ಮ ತಾತಂದಿರ ಕಾಲದಿಂದ ಬಂದವು. ನೀವು ಹೇಳಿದ ಹಾಗೆ ಅರ್ಥ ಬರೆದಿಲ್ಲ. ನಿಮಗೆ ಬಿಟ್ಟಿದ್ದೇನೆ.

ಎರಡನೇ ಸಾಕ್ಷಿ ಬೇಕಲ್ಲ? ಆಥರ್‌ಸ್ಟನ್ ಎಂಬ ಇನ್ನೊಂದು ಟೋಪಿ ಊರಿನಲ್ಲಿ ಎನಾಕ್ ಟ್ಯಾಂಡಿ ಎಂಬುವರು ಇದ್ದಾರಂತೆ. ನನಗೆ ಅವರ ಪರಿಚಯವೇ ಇಲ್ಲ. ಅವರ ಮನೆಯ ಬಾಗಿಲು ಹಸಿರು, ಒಂದು ಕುಂಟ ನಾಯಿ ಇದೆ, ಭಾನುವಾರ ಹಂದಿಮಾಂಸಕ್ಕೆ ಸೇಬಿನ ಗೊಜ್ಜು ಇಲ್ಲದಿದ್ದರೆ ಊಟ ಮಾಡುವುದಿಲ್ಲ, ಇಷ್ಟು ಬಿಟ್ಟು ಏನೂ ಗೊತ್ತಿಲ್ಲ. ವಿಳಾಸ ಕೆಳಗಿದೆ.

ಸೇತ್‌ನ ವಿಚಾರಕ್ಕೂ ಇನ್ನೊಬ್ಬ ಸಾಕ್ಷಿ ಕೊಡಬಹುದಿತ್ತು. ನಮ್ಮ ಕುದಿನೀರಿನ ತೊಟ್ಟಿಯ ಸುತ್ತ ಎಂಟು ಜನ ನಿಲ್ಲುತ್ತಿದ್ದೆವು. ಜೋ ಹಾರ್ಡ್‌ಮನ್ ಹೋದ. ಬರ್ಡ್ ಅಣ್ಣತಮ್ಮಂದಿರು ಇಬ್ಬರೂ ಹೋದರು. ಸೇತ್ ಸೇರಿ ಉಳಿದ ನಾಲ್ವರು ಯಾರಿಗೂ ಕಾಯಲಿಲ್ಲ. ನಿಮ್ಮ ನಿಯಮ ನಮ್ಮ ಊರಿಗೆ ಸ್ವಲ್ಪ ತಡವಾಗಿ ಬಂತು ಸಾಹೇಬರೇ. ನೀವು ಕೇಳುವ ಸಾಕ್ಷಿಯನ್ನು ಅದೇ ರೋಗ ತಿಂದು ಮುಗಿಸಿದೆ.

ನಿಮ್ಮ ಪಾದಧೂಳಿ,
ಏಮಸ್ ಕ್ಲೆಗ್


ಲಂಡನ್
೨೬ ಮಾರ್ಚ್ ೧೯೩೪

ಶ್ರೀ ಕ್ಲೆಗ್ ಅವರಿಗೆ,

ಕೊನೆಗೂ ನಿಮ್ಮಿಂದ ಪ್ರಯೋಜನವಾಯಿತು. ಟ್ಯಾಂಡಿಯವರಿಗೆ ಬರೆದೆ. ಏಳನ್ನೂ ಬಾಲ್ಯದಿಂದ ಕೇಳಿದ್ದೇನೆ ಎಂದು ದೃಢಪಡಿಸಿದ್ದಾರೆ. ತಾವಾಗಿ ಎಂಟನೆಯದನ್ನೂ ಸೇರಿಸಿದ್ದಾರೆ: ‘ಅತ್ತೆಯ ಟೋಪಿಗೆ ಗಾಳಿಯೂ ಹೆದರುತ್ತದೆ.’ ಅವರ ಅಕ್ಷರ ಮುತ್ತಿನ ಹಾಗಿದೆ. ನೋಡಿ ಕಲಿಯಿರಿ.

ಮೊಲದ ಮಾತು ಅಮೂಲ್ಯವಾದದ್ದು. ರಾಜರ ಕಾಡಿನಲ್ಲಿ ಮೊಲ ಹಿಡಿದರೆ ಶಿಕ್ಷೆಯಿದ್ದ ಕಾಲದಲ್ಲಿ, ಕದ್ದು ಬೇಟೆಯಾಡುವವರು ಗುಟ್ಟಾಗಿ ಬಳಸುತ್ತಿದ್ದ ಮಾತು ಇದು ಎಂದು ಎರಡು ಪುಟ ಬರೆದಿದ್ದೇನೆ. ದೊಡ್ಡ ಟೋಪಿ ಮತ್ತು ಕಿವಿಯ ಮಾತು ಓದುಬರಹವಿಲ್ಲದವನನ್ನು ಅಣಕಿಸುವುದಕ್ಕೆ ಹುಟ್ಟಿದ್ದು. ನಿಮಗೆ ಇದೆಲ್ಲ ಗೊತ್ತಿರಲಾರದು. ಆಡುವವರಿಗೆ ತಮ್ಮ ಮಾತಿನ ಅರ್ಥ ಗೊತ್ತಿರುವುದಿಲ್ಲ, ಅದು ಸಹಜ.

ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಟ್ಯಾಂಡಿಯವರನ್ನು ನಿಮ್ಮ ಪಾದರಸದ ಬಗ್ಗೆಯೂ ಕೇಳಿದೆ. ಅವರ ಉತ್ತರ ಹೀಗಿದೆ: ‘ನಲವತ್ತು ವರ್ಷ ಟೋಪಿ ಕಾರ್ಖಾನೆಯಲ್ಲಿದ್ದೆ. ನನಗೆ ನಡುಕವಿಲ್ಲ, ನಮ್ಮ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.’ ಎಂಟು ಮಾತುಗಳಲ್ಲಿ ನಂಬಬಹುದಾದ ಮನುಷ್ಯನನ್ನು ಒಂಬತ್ತನೆಯದರಲ್ಲಿ ನಂಬದಿರಲು ಕಾರಣವಿಲ್ಲ. ನೀವೇ ಸೂಚಿಸಿದ ಸಾಕ್ಷಿ ನಿಮಗೆ ವಿರುದ್ಧ ನುಡಿದಿದ್ದಾನೆ. ಇಲ್ಲಿಗೆ ಈ ವಿಚಾರ ಮುಗಿಯಿತು.

ಲಾ. ಪಿಮ್


ಡೆಂಟನ್
೯ ಏಪ್ರಿಲ್ ೧೯೩೪

ಡಾಕ್ಟರ್ ಪಿಮ್ ಅವರಿಗೆ,

ನಿಮ್ಮ ಕಾಗದವನ್ನು ಹನ್ನಾಳಿಗೆ ಓದಿ ಹೇಳಿದೆ. ಏಳು ಮಾತಿನ ಕಥೆಗೆ ನಕ್ಕಳು, ಟ್ಯಾಂಡಿಯ ಉತ್ತರಕ್ಕೆ ಬಂದಾಗ ಕೈಯಲ್ಲಿದ್ದ ಆಲೂಗಡ್ಡೆ ಕೆಳಗಿಟ್ಟಳು. ‘ನಿಂಗೆ ಎಲ್ಲಾದ್ರಲ್ಲೂ ತಮಾಷೆ ಬೇಕು ಏಮಸ್. ನಿನ್ನ ತಮಾಷೆ ಇವತ್ತು ಸೇತ್ ಮೇಲೆ ಕೂತಿದೆ’ ಅಂದಳು. ಆಮೇಲೆ ಎರಡು ದಿನ ನನ್ನ ತಟ್ಟೆ ಮೇಜಿನ ಮೇಲೆ ಬಂತು, ಅದರ ಜೊತೆ ಮಾತು ಬರಲಿಲ್ಲ.

ಆಥರ್‌ಸ್ಟನ್ನಿಗೆ ಹೋಗಿ ಟ್ಯಾಂಡಿಯನ್ನು ಕಂಡೆ. ಯಾಕಯ್ಯಾ ಹೀಗೆ ಬರೆದೆ ಅಂದರೆ, ಕೇಳಿದ್ದಕ್ಕೆ ನಿಜ ಹೇಳಿದೆ ಅನ್ನುತ್ತಾನೆ. ಅವನು ಹೇಳಿದ್ದು ನಿಜವೇ. ಅವನಿದ್ದದ್ದು ಡಬ್ಬಿ ಕೋಣೆಯಲ್ಲಿ. ತಯಾರಾದ ಟೋಪಿಗೆ ತೆಳು ಕಾಗದ ಸುತ್ತಿ, ದುಂಡು ಡಬ್ಬಿಗೆ ಹಾಕಿ, ದಾರ ಕಟ್ಟುವ ಕೆಲಸ. ಹಬೆ ಇದ್ದ ಕೋಣೆಗೆ ಅವನು ನಲವತ್ತು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟಿಲ್ಲ. ಬಾಣಂತಿ ಕೋಣೆಯ ಹೊರಗೆ ಕೂತ ಗಂಡ, ನೋವಿರಲಿಲ್ಲ ಅಂದ ಹಾಗಾಯಿತು.

ನೀವೇ ಒಂದು ಸಲ ಬನ್ನಿ. ಸೇತ್ ನಿಂತ ಜಾಗದಲ್ಲಿ ಈಗಲೂ ಜನ ನಿಂತಿದ್ದಾರೆ. ಮಧ್ಯಾಹ್ನ ಅವರು ಚಹಾ ಕುಡಿಯುವುದನ್ನು ನೋಡಿ. ಲೋಟಕ್ಕೆ ಅರ್ಧ ಮಾತ್ರ ಯಾಕೆ ಹಾಕಿಸಿಕೊಳ್ಳುತ್ತಾರೆ ಎಂದು ಕೇಳಿ. ನನ್ನ ಹತ್ತಿರ ಇದಕ್ಕೆ ತಮಾಷೆ ಇಲ್ಲ.

ಏಮಸ್ ಕ್ಲೆಗ್


ಲಂಡನ್
೨ ಜೂನ್ ೧೯೩೪

ಶ್ರೀ ಕ್ಲೆಗ್ ಅವರಿಗೆ,

ಇಟಲಿಯಲ್ಲಿದ್ದೆ, ನಿಮ್ಮ ಕಾಗದ ಇಲ್ಲಿ ಕಾದಿತ್ತು. ಮೊದಲಿನವಕ್ಕಿಂತ ಇದರ ಅಕ್ಷರ ಇನ್ನೂ ಕೆಟ್ಟದಾಗಿದೆ. ಒಂದು ಕಡೆ ಲೇಖನಿ ಕಾಗದವನ್ನೇ ಹರಿದಿದೆ. ಯಾವ ಸ್ಥಿತಿಯಲ್ಲಿ ಬರೆದಿರಿ ಎಂದು ಕೇಳುವುದಿಲ್ಲ.

ಕೂಲಿಗಾರರು ಚಹಾ ಕುಡಿಯುವುದನ್ನು ನೋಡಲು ಇನ್ನೂರು ಮೈಲಿ ಬರಲು ನನಗೆ ಬಿಡುವಿಲ್ಲ. ಪುಟಗಳು ಅಚ್ಚಿಗೆ ಹೋಗಿವೆ. ನಿಮ್ಮ ಕುತೂಹಲಕ್ಕೆಂದು ಆ ನುಡಿಯ ಕೆಳಗೆ ಬರೆದದ್ದನ್ನು ನಕಲು ಮಾಡಿದ್ದೇನೆ:

‘ಟೋಪಿಗಾರನ ಹಾಗೆ ಹುಚ್ಚ: ಪ್ರೇಮಭಂಗದಿಂದ ಬುದ್ಧಿ ಕೆಟ್ಟ ಒಬ್ಬ ವ್ಯಾಪಾರಿಯಿಂದ ಬಂದದ್ದು. ಈ ಕಸುಬಿನಿಂದಲೇ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಉತ್ತರದ ಕೆಲಸಗಾರರಲ್ಲಿದೆ. ಅದಕ್ಕೆ ಆಧಾರವಿಲ್ಲ. ಅವರು ಬರೆಯುವ ಕಾಗದಗಳಿಂದ ಹೇಳುವುದಾದರೆ, ಅವರ ಕೈ ನಡುಗಿಸುವುದು ಸಂಜೆಯ ಹೆಂಡ.’

ಕೊನೆಯ ವಾಕ್ಯಕ್ಕೆ ನೀವೇ ಸ್ಫೂರ್ತಿ. ಹೆಸರು ಹಾಕಿಲ್ಲ, ನಿಶ್ಚಿಂತೆಯಾಗಿರಿ. ಪುಸ್ತಕದ ಒಂದು ಪ್ರತಿ ಕಳಿಸಲಾಗುವುದಿಲ್ಲ, ಗ್ರಂಥಾಲಯದಲ್ಲಿ ಸಿಗುತ್ತದೆ.

ಲಾ. ಪಿಮ್


ಡೆಂಟನ್
೧೪ ಅಕ್ಟೋಬರ್ ೧೯೩೪

ಡಾಕ್ಟರ್ ಪಿಮ್ ಸಾಹೇಬರಿಗೆ,

ನಾಲ್ಕು ತಿಂಗಳು ಸುಮ್ಮನಿದ್ದದ್ದು ಮುನಿಸಿನಿಂದಲ್ಲ. ನಿಮ್ಮ ಪುಸ್ತಕ ಹೊರಬಂದು ಅಂಗಡಿ ಸೇರಲಿ ಎಂದು ಕಾಯುತ್ತಿದ್ದೆ. ಕೋಳಿಯ ಹೊಟ್ಟೆಯೊಳಗಿನ ಮೊಟ್ಟೆಗೆ ಕಲ್ಲು ಹೊಡೆಯಲು ಆಗುವುದಿಲ್ಲವಲ್ಲ.

ಹೋದ ವಾರ ಗ್ರಂಥಾಲಯದ ಪ್ರತಿ ಬಂತು. ಶಾಲೆ ಮೇಷ್ಟ್ರು ಅದನ್ನು ‘ಮೂರು ಮೊಲ’ಕ್ಕೆ ತಂದು ಟೋಪಿಯ ಅಧ್ಯಾಯ ಓದಿದರು. ಮೊಲದ ಮಾತು, ಪಾದ್ರಿಯ ಮಾತು, ಒಂದೊಂದಕ್ಕೂ ಜನ ಮುಖ ಮುಖ ನೋಡಿಕೊಂಡರು. ಇದನ್ನು ಯಾರು ಯಾವಾಗ ಆಡಿದರು ಅಂತ ಒಬ್ಬರನ್ನೊಬ್ಬರು ಕೇಳಿದರು. ನಾನು ನನ್ನ ಶುಂಠಿ ಶರಬತ್ತಿನ ಲೋಟ ನೋಡುತ್ತ ಕೂತಿದ್ದೆ. ಯಾರೂ ಆಡಿಲ್ಲ ಸಾಹೇಬರೇ. ಏಳನ್ನೂ ನಾನು ಟ್ರ್ಯಾಮಿನಲ್ಲಿ ಕೂತು ಕಟ್ಟಿದೆ. ಎಂಟನೆಯದು ಟ್ಯಾಂಡಿಯ ಸ್ವಂತ ಮಾಲು, ಅವನ ಅತ್ತೆಯನ್ನು ನಾನೂ ನೋಡಿದ್ದೇನೆ. ಅವನು ಮೂವತ್ತು ವರ್ಷದಿಂದ ನನ್ನ ಸ್ನೇಹಿತ. ಕುಂಟ ನಾಯಿಯನ್ನು ಅವನಿಗೆ ಕೊಟ್ಟದ್ದೇ ನಾನು. ರಾಜರ ಕಾಡು, ಕಳ್ಳ ಬೇಟೆ ಎಂದು ನೀವು ಬರೆದ ಎರಡು ಪುಟ ಓದುವಾಗ, ದೇವರಾಣೆ, ನನಗೇ ನಂಬಿಕೆ ಬಂತು. ಮೊಲ ಅಂದರೆ ನಾವು. ಟೋಪಿ ಹಾಕಿಕೊಳ್ಳುವವರು ನೀವು. ಅಷ್ಟೇ ಅದರ ಅರ್ಥ, ಎರಡು ಪುಟ ಬೇಡ. ಕಿವಿಯ ಮೇಲೆ ನಿಂತ ದೊಡ್ಡ ಟೋಪಿ ಯಾರದ್ದು ಎಂದು ಬಿಡಿಸಿ ಹೇಳುವುದಿಲ್ಲ. ಕನ್ನಡಿ ನಿಮ್ಮ ಮನೆಯಲ್ಲೂ ಇರುತ್ತದೆ.

ಆಮೇಲೆ ಮೇಷ್ಟ್ರು ಆ ಕೊನೆಯ ವಾಕ್ಯ ಓದಿದರು. ಕುದಿನೀರಿನ ಕೋಣೆಯ ಇಬ್ಬರು ಲೋಟ ಮೇಜಿನ ಮೇಲಿಟ್ಟು ಎದ್ದು ಹೋದರು. ಪುಸ್ತಕವನ್ನು ಮನೆಗೆ ತಂದೆ. ಹನ್ನಾ ಸಾಲಿನ ಮೇಲೆ ಬೆರಳಿಟ್ಟುಕೊಂಡು ತಾನೇ ಓದಿದಳು. ‘ಹುಚ್ಚ ಅಂದ್ರು, ಸಹಿಸ್ಕೊಂಡೆ. ಈಗ ಕುಡುಕ ಅಂತಾರೆ. ಸೇತ್ ಹಾಲು ಬಿಟ್ಟು ಬೇರೇನೂ ಕುಡಿದವನಲ್ಲ. ಅದನ್ನೂ ತುಟಿಗೆ ಮುಟ್ಟಿಸೋಕೆ ಮುಂಚೆ ಚೆಲ್ಕೋತಿದ್ದ’ ಅಂದಳು.

ಈಗ ನಿಮ್ಮ ನಿಯಮಕ್ಕೆ ಬರೋಣ. ಎರಡನೇ ಸಾಕ್ಷಿ ಕೇಳಿದ್ದಿರಿ. ಕೊಡುತ್ತೇನೆ. ಅದು ನಿಮ್ಮ ಮೇಜಿನ ಖಾನೆಯಲ್ಲೇ ಇದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಜನ್ಮದಲ್ಲಿ ಹೆಂಡ ಮುಟ್ಟುವುದಿಲ್ಲ ಎಂದು ಸಹಿ ಹಾಕಿದೆ. ಇವತ್ತಿನವರೆಗೆ ಮುಟ್ಟಿಲ್ಲ, ಪಾದ್ರಿಯನ್ನು ಕೇಳಿ. ಆ ಹಾಳೆ ಈಗಲೂ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ. ಅದರಲ್ಲಿ ಏಮಸ್ ಕ್ಲೆಗ್ ಎಂಬ ಸಹಿ ಕಂಬಿ ಎಳೆದ ಹಾಗೆ ನೇರವಾಗಿದೆ. ಆಮೇಲೆ ಐವತ್ತೊಂದು ವರ್ಷ ಕುದಿನೀರಿನಲ್ಲಿ ಕೈ. ನಿಮಗೆ ಬರೆದ ಕಾಗದಗಳನ್ನು ತೆಗೆದು ಸಾಲಾಗಿ ಹಾಸಿ. ಜೇಡ ಅಂದಿರಿ. ಹೆಂಡ ಅಂದಿರಿ. ಲೇಖನಿ ಕಾಗದ ಹರಿದಿದೆ ಅಂದಿರಿ. ಭೂತಗನ್ನಡಿ ಹಿಡಿದು ಎರಡು ಬೆಳಿಗ್ಗೆ ಸೇತ್‌ನ ರೋಗವನ್ನೇ ನೋಡುತ್ತ ಕೂತಿದ್ದಿರಿ. ಸೇತ್‌ಗೆ ತಲೆಗೂ ಏರಿತು, ನನಗೆ ಕೈಗೇ ನಿಂತಿದೆ. ವ್ಯತ್ಯಾಸ ಅಷ್ಟೇ. ಈ ಒಂದು ಹಾಳೆ ಬರೆ‌ಯಲು ನನಗೆ ಮೂರು ದಿನ ಹಿಡಿದಿದೆ.

ಒಬ್ಬನ ತಾಳಕ್ಕೆ ಇನ್ನೊಬ್ಬ ಕುಣಿಯಬಾರದು ಅಂದಿದ್ದಿರಿ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ನನ್ನ ಕಡೆಯ ಸಾಕ್ಷಿ ಎಂದು ಅದನ್ನು ತಳ್ಳಿಹಾಕಲು ನಿಮಗೆ ಬರುವುದಿಲ್ಲ. ಎರಡು ಊರು ಬೇಕು ಅಂದರೆ ಅದೂ ಸರಿಯೇ. ಕರೆದರೆ ಬಾರದ ಈ ಕೈ ಬೇರೆ ಊರಿನಲ್ಲೇ ಇದ್ದ ಹಾಗೆ. ‘ಕೈ’ಗೂ ನೀವೊಂದು ಅಧ್ಯಾಯ ಬರೆದಿದ್ದೀರಿ, ಓದಿದೆ. ಈ ಕೈಯನ್ನು ಅಲ್ಲಿ ಸೇರಿಸಬೇಡಿ, ಇದು ಟೋಪಿಯ ಅಧ್ಯಾಯಕ್ಕೆ ಸೇರಿದ್ದು.

ನನಗೆ ಬೇಕಾದದ್ದು ಒಂದು ತಿದ್ದುಪಡಿ ಚೀಟಿ. ಆ ವಾಕ್ಯ ತಪ್ಪು, ಸೇತ್‌ನದ್ದು ಪಾದರಸದ ವಿಷ ಎಂದು ಅಚ್ಚು ಹಾಕಿಸಿ ಪ್ರತಿ ಪುಸ್ತಕದಲ್ಲೂ ಅಂಟಿಸಿ. ಇಲ್ಲದಿದ್ದರೆ ಏಳು ನಿಲ್ದಾಣದ ಕಥೆ ಪತ್ರಿಕೆಯವರಿಗೆ ಹೋಗುತ್ತದೆ. ಚೀಟಿ ಬಂದರೆ ಆ ಕಥೆ ನನ್ನ ಟೋಪಿಯ ಕೆಳಗೇ ಇರುತ್ತದೆ.

ಇನ್ನು, ನೀವು ಟೋಪಿ ತಿನ್ನುತ್ತೇನೆ ಎಂದು ಬರೆದುಕೊಟ್ಟ ಕಾಗದ ನನ್ನ ಬಳಿ ಇದೆ. ನಮ್ಮ ಪದ್ಧತಿಯಂತೆ ನಿಮ್ಮನ್ನು ಬೆಂಚಿನ ಮೇಲೆ ಕೂರಿಸಬೇಕು. ಆದರೆ ತಿನ್ನಬೇಡಿ. ಅದರೊಳಗೆ ಏನಿದೆ ಎಂದು ನನಗೆ ಗೊತ್ತು.

ಏಮಸ್ ಕ್ಲೆಗ್


ಲಂಡನ್
೧೯ ನವೆಂಬರ್ ೧೯೩೪

ಶ್ರೀ ಕ್ಲೆಗ್ ಅವರಿಗೆ,

ನೀವು ಮಾಡಿದ್ದು ಅಪ್ಪಟ ಮೋಸ. ನಿಮ್ಮ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಎತ್ತರದಲ್ಲಿರಲಿಲ್ಲ, ಈಗ ಅದಕ್ಕೆ ಇಳಿಯಲು ಜಾಗವಿಲ್ಲ.

ಎಂಟು ಮಾತುಗಳನ್ನು ನಾನು ತೆಗೆಯುವುದಿಲ್ಲ. ಪುಸ್ತಕ ಬಂದ ಮೇಲೆ ಓದುಗರಿಂದ ಕಾಗದಗಳು ಬಂದಿವೆ. ಮೊಲದ ಮಾತನ್ನು ತನ್ನ ಅಜ್ಜಿ ದಿನವೂ ಆಡುತ್ತಿದ್ದಳು ಎಂದು ಲೀಡ್ಸಿನ ಒಬ್ಬ ನಿವೃತ್ತ ಕರ್ನಲ್ ಬರೆದಿದ್ದಾನೆ. ಕಾರ್ನ್‌ವಾಲಿನ ಒಬ್ಬ ಹೆಂಗಸೂ ಹಾಗೇ ಬರೆದಿದ್ದಾಳೆ. ಎರಡು ಊರು, ಇಬ್ಬರು ಸಾಕ್ಷಿ. ನಿಯಮ ನಿಯಮವೇ. ಜನ ಎಂಥವರು ಎಂದು ನಿಮಗೂ ನನಗೂ ಗೊತ್ತಾಯಿತು, ಅಷ್ಟು ಸಾಕು.

ಇನ್ನೊಂದು ವಿಚಾರ. ನಿಮ್ಮ ನಾಲ್ಕು ಕಾಗದಗಳನ್ನು, ಸಹಿ ಮಡಚಿ, ಪಕ್ಕದ ಮನೆಯ ವೈದ್ಯರಿಗೆ ತೋರಿಸಿದೆ. ನಾನು ಏನೂ ಹೇಳಿರಲಿಲ್ಲ. ಅವರು ಅಕ್ಷರ ಓದಲಿಲ್ಲ, ಕಾಗದವನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಿದರು. ‘ಇವನು ಟೋಪಿ ಮಾಡೋನೋ, ಕನ್ನಡಿಗೆ ಪಾದರಸ ಬಳಿಯೋನೋ?’ ಎಂದು ಕೇಳಿದರು. ಅಲ್ಲಿಂದ ನೇರ ಪ್ರಕಾಶಕರ ಬಳಿಗೆ ಹೋದೆ.

ಚೀಟಿ ಅಚ್ಚಾಗಿದೆ. ಪ್ರಕಾಶಕರು ಗೊಣಗುತ್ತ ಅಂಟಿಸುತ್ತಿದ್ದಾರೆ. ನಕಲು ಇಟ್ಟಿದ್ದೇನೆ:

‘ಪುಟ ೧೧೨. ಕೊನೆಯ ವಾಕ್ಯ ತಪ್ಪು. ಟೋಪಿ ಕೆಲಸಗಾರರ ನಡುಕ ಮತ್ತು ಬುದ್ಧಿಭ್ರಮಣೆಗೆ ಕಾರಣ ಪಾದರಸದ ವಿಷ. ಡೆಂಟನ್ನಿನ ಸೇತ್ ಹೇಗ್ ಅದರಿಂದ ಸತ್ತರು. ಒಂದನೇ ಸಾಕ್ಷಿ: ಏಮಸ್ ಕ್ಲೆಗ್ ಅವರ ಹೇಳಿಕೆ. ಎರಡನೇ ಸಾಕ್ಷಿ: ಅವರ ಕೈ.’

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಲಾ. ಪಿಮ್


ಡೆಂಟನ್
೨ ಡಿಸೆಂಬರ್ ೧೯೩೪

ಡಾಕ್ಟರ್ ಪಿಮ್ ಸಾಹೇಬರಿಗೆ,

ಬರೆಯಬೇಕಾಗಿಲ್ಲ ಅಂದಿರಿ, ಆದ್ದರಿಂದ ಬರೆಯುತ್ತಿದ್ದೇನೆ.

ಚೀಟಿಯನ್ನು ಹನ್ನಾ ಮೂರು ಸಲ ಓದಿ ಬೈಬಲ್ಲಿನೊಳಗೆ ಇಟ್ಟಳು. ಸೇತ್‌ನ ಹೆಸರಿನ ಕಾಗುಣಿತ ಸರಿಯಾಗಿದೆಯಂತೆ. ‘ಈ ಡಾಕ್ಟ್ರಿಂದ ಒಂದು ಉಪಯೋಗ ಆಯ್ತು ನೋಡು’ ಅಂದಳು. ಆವತ್ತು ಕೇಳಿದ ಪ್ರಶ್ನೆಗೆ ಉತ್ತರ ಅವಳಿಗೇ ಸಿಕ್ಕಿತು, ನಿಮಗೆ ಆ ಶ್ರಮ ತಪ್ಪಿತು. ನನ್ನ ತಟ್ಟೆಯ ಜೊತೆ ಈಗ ಮಾತೂ ಬರುತ್ತಿದೆ, ಬೈಗುಳದ ರೂಪದಲ್ಲಿ.

ನಿಮ್ಮ ಕರ್ನಲ್ಲಿನ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಮೊಲದ ಮಾತು ನೀವೇ ಇಟ್ಟುಕೊಳ್ಳಿ. ಇಷ್ಟು ಜನ ಟೋಪಿ ಹಾಕಿಸಿಕೊಳ್ಳಲು ತಲೆ ಒಡ್ಡಿ ನಿಂತಿರುವಾಗ ಬೇಡ ಅನ್ನಲು ನಾನು ಯಾರು? ನನ್ನದು ಅದೇ ಕಸುಬು.

ಒಂದು ದೂರು ಇದೆ. ನಿಮ್ಮ ಪ್ರಕಾಶಕರು ಹಿಟ್ಟಿನ ಅಂಟು ಹಾಕಿದ್ದಾರೆ. ನಮ್ಮ ಗ್ರಂಥಾಲಯದ ಪ್ರತಿಗೆ ಹಾಕಿದ್ದ ಚೀಟಿ ಎರಡನೇ ದಿನಕ್ಕೇ ಉದುರಿ ನೆಲದ ಮೇಲಿತ್ತು. ನಾನು ಮನೆಯಿಂದ ಅರಗು ಕಾಯಿಸಿ ತಂದೆ. ಟೋಪಿ ಗಟ್ಟಿಯಾಗಿ ನಿಲ್ಲಲು ನಾವು ಬಳಸುವ ಅರಗು ಅದು. ಅದರಲ್ಲಿ ಅಂಟಿಸಿದ್ದೇನೆ. ಇನ್ನು ಯಾರಾದರೂ ಕೀಳಲು ಹೋದರೆ ನಿಮ್ಮ ಪುಟ ಕಿತ್ತುಬರುತ್ತದೆ, ಚೀಟಿ ಬರುವುದಿಲ್ಲ.

ಸ್ವಲ್ಪ ಸೊಟ್ಟಗೆ ಕೂತಿದೆ. ಅಂಟಿಸಿದ್ದು ಎರಡನೇ ಸಾಕ್ಷಿ.

ಏಮಸ್ ಕ್ಲೆಗ್